ಪೆಟ್ಟಿಗೆಯೊಳಗಿನ ಗಡಿಯಾರಕ್ಕೆ ಪರಂಪರೆಯ ಪಟ್ಟವೇಕೆ?

2023ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ಫಿಲಿಪ್ಸ್ ಹರಾಜು ಸಂಸ್ಥೆ ಒಂದು ಕೈಗಡಿಯಾರವನ್ನು ಮಾರಿತು. ಪಾಟೆಕ್ ಫಿಲಿಪ್ ಕಂಪನಿಯ ‘ರೆಫರೆನ್ಸ್ 96’ ಮಾದರಿ, ಪ್ಲಾಟಿನಂ ಕೇಸು, ದಿನ, ತಾರೀಕು, ತಿಂಗಳ ಜೊತೆಗೆ ಚಂದ್ರನ ವೃದ್ಧಿಕ್ಷಯವನ್ನೂ ತೋರಿಸುವ ಡಯಲ್. ಈ ಬಗೆಯವು ಜಗತ್ತಿನಲ್ಲಿ ಎಂಟು ಮಾತ್ರ ಇರುವುದಾಗಿ ತಿಳಿದಿದೆ. ಒಂದು ಕಾಲಕ್ಕೆ ಇದು ಚೀನಾದ ಕೊನೆಯ ಚಕ್ರವರ್ತಿ ಪೂಯಿಯ ಕೈಯಲ್ಲಿತ್ತು. 4.88 ಕೋಟಿ ಹಾಂಗ್‌ಕಾಂಗ್ ಡಾಲರಿಗೆ, ಅಂದರೆ ಸುಮಾರು 62 ಲಕ್ಷ ಅಮೆರಿಕನ್ ಡಾಲರಿಗೆ ಅದು ಹೋಯಿತು. ಅಂದಿನ ಲೆಕ್ಕದಲ್ಲಿ ನಮ್ಮ 51 ಕೋಟಿ ರೂಪಾಯಿಯ ಆಸುಪಾಸು.

ಇಂಥ ಪ್ರತಿ ಹರಾಜಿನ ಬೆನ್ನಿಗೂ ಒಂದೇ ಬಗೆಯ ಮಾತು ಕೇಳಿಬರುತ್ತದೆ. ಅಪರೂಪದ್ದು, ಅದಕ್ಕೇ ಅಮೂಲ್ಯ. ರಾಜರು ಕಟ್ಟಿಕೊಂಡದ್ದು, ಅದಕ್ಕೇ ಚರಿತ್ರೆ. ಯಾರೂ ಮುಟ್ಟಿಲ್ಲ, ಪಾಲಿಶ್ ಮಾಡಿಲ್ಲ, ಅದಕ್ಕೇ ಅಪ್ಪಟ. ವರ್ಷ ಕಳೆದಂತೆ ಬೆಲೆ ಏರುತ್ತದೆ, ಅದಕ್ಕೇ ಒಳ್ಳೆಯ ಹೂಡಿಕೆ. ಕ್ಯಾಟಲಾಗುಗಳಿಂದ ಪತ್ರಿಕೆಗಳಿಗೆ, ಪತ್ರಿಕೆಗಳಿಂದ ಓದುಗರ ಬಾಯಿಗೆ ಇಳಿದು ಈಗ ಇದು ಪ್ರಶ್ನಿಸಬಾರದ ಸತ್ಯದಂತೆ ನಿಂತಿದೆ. ಬೆಂಗಳೂರಿನಲ್ಲಿ ಹಳೆಯ ಎಚ್‌ಎಂಟಿ ಹುಡುಕುವ ಹುಡುಗನೂ ಇದೇ ಮಾತನ್ನು ಕಂಠಪಾಠ ಮಾಡಿಕೊಂಡಿದ್ದಾನೆ. ಈ ನಾಲ್ಕೂ ಮಾತುಗಳು ತಪ್ಪು ಎಂಬುದು ನನ್ನ ವಾದ. ಗಡಿಯಾರವನ್ನು ಪ್ರೀತಿಸುವವರು ಗಡಿಯಾರದ ಹಿತಕ್ಕಾಗಿಯೇ ಇವನ್ನು ಕೈಬಿಡಬೇಕು.

ಅಪರೂಪದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ರೆಫರೆನ್ಸ್ 96 ಹುಟ್ಟಿದ್ದು 1932ರಲ್ಲಿ. ಜಗತ್ತು ಆರ್ಥಿಕ ಕುಸಿತದಲ್ಲಿ ನಲುಗುತ್ತಿತ್ತು. ಪಾಟೆಕ್ ಫಿಲಿಪ್ ಕಂಪನಿ ಮುಳುಗುವ ಹಂತಕ್ಕೆ ಬಂದಿತ್ತು. ಅದಕ್ಕೆ ಡಯಲ್ ಮಾಡಿಕೊಡುತ್ತಿದ್ದ ಸ್ಟರ್ನ್ ಸಹೋದರರು, ಚಾರ್ಲ್ಸ್ ಮತ್ತು ಜೀನ್, ಅದೇ ವರ್ಷ ಕಂಪನಿಯನ್ನು ಕೊಂಡುಕೊಂಡರು. ಹೊಸ ಮಾಲೀಕರಿಗೆ ಬೇಕಾಗಿದ್ದದ್ದು ದಿನದಿನವೂ ಅಂಗಡಿಯಲ್ಲಿ ಮಾರಾಟವಾಗುವ ಒಂದು ಗಡಿಯಾರ. ಹಾಗೆ ಬಂದದ್ದು ಈ 96: 31 ಮಿಲಿಮೀಟರಿನ ಆಸುಪಾಸಿನ ದುಂಡು ಕೇಸು, ಬೆಲ್ಟ್ ಸಿಕ್ಕಿಸುವ ಕೊಂಬುಗಳು ಕೇಸಿನಿಂದಲೇ ಹರಿದು ಬಂದಂತೆ ಬಾಗಿದ ರೂಪ, ಅಲಂಕಾರವಿಲ್ಲದ ಡಯಲ್, ಒಂದು ನೋಟಕ್ಕೆ ಹೊತ್ತು ಹೇಳುವ ಮುಳ್ಳುಗಳು. ಕಲಾತ್ರಾವಾ ಎಂಬ ಹೆಸರಿನಿಂದ ಇಂದು ಗುರುತಿಸುವ ಕುಲದ ಮೂಲಪುರುಷ ಇದು. ನಾಲ್ಕು ದಶಕ, 1970ರ ದಶಕದವರೆಗೂ, ಇದನ್ನು ಮಾಡುತ್ತಲೇ ಇದ್ದರು. ಆಮೇಲೆ ಬಂದ ಸಾವಿರಾರು ದುಂಡು ಗಡಿಯಾರಗಳು ಇದರ ಅಳತೆ, ಇದರ ಸಂಯಮವನ್ನು ನೋಡಿ ಕಲಿತವು. ಆದ್ದರಿಂದ 96ರ ಹಿರಿಮೆ ಅದು ವಿರಳವಾಗಿದ್ದುದರಲ್ಲಿಲ್ಲ. ಮತ್ತೆ ಮತ್ತೆ, ಅಷ್ಟೇ ಚೆನ್ನಾಗಿ ಮಾಡಲು ಸಾಧ್ಯವಾದದ್ದರಲ್ಲಿದೆ. ಅದೇ ಮಾದರಿಯ ಸಾಮಾನ್ಯ ಚಿನ್ನದ ಗಡಿಯಾರ ಇಂದು ಪೂಯಿಯ ಗಡಿಯಾರದ ಬೆಲೆಯ ತೀರಾ ಸಣ್ಣ ಪಾಲಿಗೆ ಸಿಗುತ್ತದೆ. ವಿನ್ಯಾಸದ ಗುಣ ಎರಡರಲ್ಲೂ ಇದೆ. ಪಂಚಾಂಗದ ಹೆಚ್ಚುವರಿ ಯಂತ್ರಕ್ಕೆ ಎಷ್ಟೇ ಬೆಲೆ ಕಟ್ಟಿದರೂ ಈ ಅಂತರ ತುಂಬುವುದಿಲ್ಲ.

ಅಪರೂಪ ಹೇಗೆ ಹುಟ್ಟುತ್ತದೆ ಎಂದು ನೋಡಿದರೆ ಈ ಮಾತು ಇನ್ನೂ ಸಡಿಲವಾಗುತ್ತದೆ. ಪಾಟೆಕ್‌ನ 1518 ಎಂಬ ಮಾದರಿ 1941ರಿಂದ 1954ರವರೆಗೆ 281 ಮಾತ್ರ ತಯಾರಾಯಿತು ಎಂಬುದು ಬಲ್ಲವರ ಲೆಕ್ಕ. ಬಹುತೇಕ ಚಿನ್ನದವು. ಉಕ್ಕಿನ ಕೇಸಿನವು ಗೊತ್ತಿರುವುದು ನಾಲ್ಕೇ. ಆ ನಾಲ್ಕರಲ್ಲಿ ಒಂದು 2016ರ ನವೆಂಬರಿನಲ್ಲಿ ಜಿನೀವಾದಲ್ಲಿ 1.1 ಕೋಟಿ ಸ್ವಿಸ್ ಫ್ರಾಂಕಿಗೆ ಹೋಯಿತು. ಚಿನ್ನದ 1518ರ ಒಳಗೂ ಉಕ್ಕಿನ 1518ರ ಒಳಗೂ ಇರುವುದು ಅದೇ ಯಂತ್ರ, ಅದೇ ಕೈಕೆಲಸ. ಅಷ್ಟು ದುಬಾರಿ ಯಂತ್ರವನ್ನು ಕೊಳ್ಳುವವನು ಆ ಕಾಲದಲ್ಲಿ ಉಕ್ಕನ್ನು ಕೇಳುತ್ತಿರಲಿಲ್ಲ, ಚಿನ್ನವನ್ನೇ ಕೇಳುತ್ತಿದ್ದ. ನಟ ಪಾಲ್ ನ್ಯೂಮನ್ ಹೆಸರಿನಿಂದ ಕರೆಯುವ ರೋಲೆಕ್ಸ್ ಡೇಟೋನಾದ ಡಯಲ್‌ನ ಕಥೆಯೂ ಅದೇ. ಅಂಗಡಿಯಲ್ಲಿದ್ದಾಗ ಗಿರಾಕಿಗಳು ಮೆಚ್ಚದೆ ಬಿಟ್ಟದ್ದರಿಂದ ಅದು ಕಡಿಮೆಯಾಯಿತು. ಕಡಿಮೆಯಾದದ್ದರಿಂದ 2017ರಲ್ಲಿ ಆ ನಟನ ಸ್ವಂತ ಗಡಿಯಾರ 1.77 ಕೋಟಿ ಡಾಲರು ಮುಟ್ಟುವ ಹಾದಿ ತೆರೆಯಿತು. ಅಂದು ಯಾರಿಗೂ ಬೇಡವಾದದ್ದು ಇಂದು ಎಲ್ಲರಿಗೂ ಬೇಕಾಗಿದೆ ಎನ್ನುವುದು ಮಾರುಕಟ್ಟೆಯ ಕಥೆ. ಆ ಗಡಿಯಾರದ ಒಂದು ಹಲ್ಲು, ಒಂದು ಚಕ್ರವೂ ಇದರಿಂದ ಉತ್ತಮವಾಗಲಿಲ್ಲ. ಎಷ್ಟು ಉಳಿದಿವೆ ಎಂಬ ಎಣಿಕೆಯನ್ನು ಎಷ್ಟು ಚೆನ್ನಾಗಿವೆ ಎಂಬ ತೀರ್ಮಾನದ ಜಾಗದಲ್ಲಿ ಕೂರಿಸುವುದು ಬುದ್ಧಿಯ ಸೋಮಾರಿತನ.

ಎರಡನೆಯದು ರಾಜರ ಕೈಯ ಮಾತು. ಪೂಯಿ 1908ರಲ್ಲಿ ಎರಡು ವರ್ಷದ ಮಗುವಾಗಿ ಸಿಂಹಾಸನ ಏರಿದ. 1912ರಲ್ಲಿ ಅವನನ್ನು ಇಳಿಸಲಾಯಿತು. ಜಪಾನಿನ ಸೇನೆ ಮಂಚೂರಿಯಾವನ್ನು ಹಿಡಿದ ಮೇಲೆ 1932ರಲ್ಲಿ ಮಂಚುಕುವೋ ಎಂಬ ಸೂತ್ರದ ಗೊಂಬೆ ರಾಜ್ಯದ ಮುಖ್ಯಸ್ಥನಾಗಿ, 1934ರಲ್ಲಿ ಅದರ ಚಕ್ರವರ್ತಿಯಾಗಿ ಕೂತ. 1945ರಲ್ಲಿ ಸೋವಿಯತ್ ಸೇನೆ ಅವನನ್ನು ಸೆರೆಹಿಡಿಯಿತು. 1950ರಲ್ಲಿ ಚೀನಾಕ್ಕೆ ಒಪ್ಪಿಸುವವರೆಗೆ ಸೆರೆವಾಸದ ಬಹುಕಾಲ ಅವನು ಖಬರೋವ್‌ಸ್ಕ್‌ನಲ್ಲಿದ್ದ. ಅಲ್ಲಿ ತನಗೆ ದುಭಾಷಿಯಾಗಿದ್ದ ಜಾರ್ಜಿ ಪರ್ಮ್ಯಾಕೋವ್‌ಗೆ ಈ ಗಡಿಯಾರವನ್ನು ಕೊಟ್ಟ. ಮನಮುಟ್ಟುವ ಕಥೆಯೇ ಹೌದು. ಹರಾಜಿನ ಕ್ಯಾಟಲಾಗು ಇದನ್ನು ಮನಮುಟ್ಟುವಂತೆಯೇ ಹೇಳುತ್ತದೆ. ಆದರೆ ಮಂಚುಕುವೋ ಎಂಬ ಆ ರಾಜ್ಯದಲ್ಲಿ, ಹಾರ್ಬಿನ್ ಬಳಿಯ ಪಿಂಗ್‌ಫಾಂಗ್‌ನಲ್ಲಿ, ಜಪಾನಿ ಸೇನೆಯ 731ನೇ ಘಟಕ ಜೀವಂತ ಮನುಷ್ಯರ ಮೇಲೆ ರೋಗಾಣುಗಳ ಪ್ರಯೋಗ ನಡೆಸಿತು. ಸರ್ಕಾರವೇ ಅಫೀಮು ಮಾರಿ ಖಜಾನೆ ತುಂಬಿಕೊಂಡಿತು. ಗಣಿ, ಕಾರ್ಖಾನೆಗಳಲ್ಲಿ ಜನರನ್ನು ಬಲವಂತದಿಂದ ದುಡಿಸಲಾಯಿತು. ಆ ಆಳ್ವಿಕೆಯ ಆದೇಶಗಳಿಗೆ ಮುದ್ರೆ ಬಿದ್ದದ್ದು ಪೂಯಿಯ ಹೆಸರಿನಲ್ಲಿ. ‘ಚಕ್ರವರ್ತಿಯ ಗಡಿಯಾರ’ ಎನ್ನುವಾಗ ಚಕ್ರವರ್ತಿ ಎಂಬ ಪದವಿ ಮಾತ್ರ ಬೆಲೆಗೆ ಸೇರುತ್ತದೆ. ಆ ಪದವಿಯ ನೆರಳಲ್ಲಿ ನಡೆದದ್ದು ಲೆಕ್ಕಕ್ಕೆ ಬರುವುದಿಲ್ಲ.

ವಿಯೆಟ್ನಾಮಿನ ಕೊನೆಯ ಚಕ್ರವರ್ತಿ ಬಾವೊ ದಾಯಿಯ ರೋಲೆಕ್ಸ್ 6062 ಕೂಡ ಇದೇ ಜಾತಿಯದು. 1954ರಲ್ಲಿ ಜಿನೀವಾದಲ್ಲಿ ಅವನ ದೇಶದ ಹಣೆಬರಹ ನಿರ್ಧಾರವಾಗುತ್ತಿದ್ದ ಸಮ್ಮೇಳನದ ದಿನಗಳಲ್ಲಿ ಕೊಂಡದ್ದು. 2017ರಲ್ಲಿ ಅದು 50 ಲಕ್ಷ ಸ್ವಿಸ್ ಫ್ರಾಂಕು ದಾಟಿತು. ಚರಿತ್ರೆಯನ್ನು ಉಳಿಸುತ್ತಿದ್ದೇವೆ ಎನ್ನುವವರು ಪೂರ್ತಿ ಚರಿತ್ರೆ ಹೇಳಬೇಕು. ಅರ್ಧ ಹೇಳಿ ಅದಕ್ಕೆ ಬೆಲೆ ಕಟ್ಟಿದರೆ ಅದು ಚರಿತ್ರೆಯನ್ನು ತೊಳೆದು ಮಾರುವ ಕೆಲಸವಾಗುತ್ತದೆ.

ಇನ್ನು ಮೂರನೆಯ ನಂಬಿಕೆ: ಮುಟ್ಟಿದರೆ ಮೈಲಿಗೆ. ಕೇಸನ್ನು ಪಾಲಿಶ್ ಮಾಡಿದ್ದರೆ ಬೆಲೆ ಬಿತ್ತು. ಡಯಲ್‌ಗೆ ಹೊಸ ಬಣ್ಣ ಬಿದ್ದಿದ್ದರೆ ಮುಗಿದೇಹೋಯಿತು. ಮುಳ್ಳು ಬದಲಾಗಿದ್ದರೆ ಸಂಗ್ರಾಹಕ ಮುಖ ತಿರುಗಿಸುತ್ತಾನೆ. ಈ ಶಾಸ್ತ್ರದ ಹುಳುಕು ಪೂಯಿಯ ಗಡಿಯಾರದ ಮೈಮೇಲೆಯೇ ಇದೆ. ಅದರ ಡಯಲ್‌ನ ಅರ್ಧದಷ್ಟು ಲೇಪ ಕಿತ್ತುಹೋಗಿದೆ. ಹರಾಜು ಸಂಸ್ಥೆಯೇ ಹೇಳುವಂತೆ, ಸೆರೆಯಲ್ಲಿದ್ದಾಗ ಡಯಲ್ ಕೂಡ ಪ್ಲಾಟಿನಂ ಇರಬಹುದೇ ಎಂಬ ಕುತೂಹಲದಿಂದ ಪೂಯಿ ಅದನ್ನು ಕೆರೆಯಲು ಸೇವಕನಿಗೆ ಹೇಳಿದ. ಒಳಗೆ ಹಿತ್ತಾಳೆ ಕಂಡಾಗ ಕೆರೆಯುವುದು ನಿಂತಿತು. ಡಯಲ್‌ಗೆ ಇದಕ್ಕಿಂತ ದೊಡ್ಡ ಹಾನಿ ಇನ್ನೇನಿದೆ? ಒಬ್ಬ ಮೇಷ್ಟರ ಗಡಿಯಾರದ ಡಯಲ್ ಹೀಗೆ ಕೆರೆದುಹೋಗಿದ್ದರೆ ಅದೇ ಹರಾಜಿನವರು ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದರು. ಇಲ್ಲಿ ಅದೇ ಗಾಯ ಬೆಲೆಯನ್ನು ಎತ್ತುವ ಆಭರಣವಾಯಿತು. ಅಂದಮೇಲೆ ‘ಮುಟ್ಟಬಾರದು’ ಎಂಬ ನಿಯಮ ಗಡಿಯಾರದ ರಕ್ಷಣೆಗೆ ಇರುವುದಲ್ಲ. ಮುಟ್ಟಿದವರು ಯಾರು ಎಂದು ನೋಡಿ ತೀರ್ಪು ಕೊಡುವ ನಿಯಮ ಅದು.

ಯಂತ್ರಕ್ಕೆ ಮುಟ್ಟದಿರುವುದು ಏನು ಮಾಡುತ್ತದೆ ಎಂಬುದನ್ನೂ ಹತ್ತಿರದಿಂದ ನೋಡಬೇಕು. ಆ ಕಾಲದ ಕೀ ಕೊಡುವ ಗಡಿಯಾರಗಳು ಸಾಮಾನ್ಯವಾಗಿ ಗಂಟೆಗೆ 18,000 ಬಾರಿ ಮಿಡಿಯುತ್ತವೆ. ಸೆಕೆಂಡಿಗೆ ಐದು, ದಿನಕ್ಕೆ 4,32,000. ಈ ಮಿಡಿತವನ್ನು ಹೊರುವುದು ಬ್ಯಾಲೆನ್ಸ್ ಚಕ್ರದ ಅಚ್ಚು. ಅದರ ಎರಡು ತುದಿಗಳೂ ಒಂದು ಕೂದಲೆಳೆಯ ದಪ್ಪ, ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಮಾಣಿಕ್ಯದ ಕುಣಿಯೊಳಗೆ ಕೂತ ಆ ತುದಿಗೆ ಸೂಜಿಮೊನೆಯಷ್ಟು ಎಣ್ಣೆ ಬೇಕು. ವರ್ಷಗಳು ಕಳೆದಂತೆ ಎಣ್ಣೆ ಗಟ್ಟಿಯಾಗುತ್ತದೆ, ಅಂಟಾಗುತ್ತದೆ, ಒಣಗುತ್ತದೆ. ಒಣಗಿದ ಮೇಲೂ ಗಡಿಯಾರ ಓಡಿದರೆ ಉಕ್ಕು ಸವೆದು ಪುಡಿಯಾಗುತ್ತದೆ, ಆ ಪುಡಿಯೇ ಅರದಂತೆ ಉಳಿದ ಭಾಗಗಳನ್ನು ತಿನ್ನುತ್ತದೆ. ಇದಕ್ಕೆ ಮದ್ದು ಒಂದೇ. ಬಲ್ಲವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ತೆಗೆದು, ಪ್ರತಿ ಸ್ಕ್ರೂ, ಪ್ರತಿ ಚಕ್ರ ಬಿಚ್ಚಿ ತೊಳೆದು, ಎಣ್ಣೆ ಕೊಟ್ಟು, ಮತ್ತೆ ಕೂರಿಸಿ, ಹೊತ್ತಿಗೆ ಸರಿಹೊಂದಿಸಬೇಕು. ಮುಟ್ಟದೆ ಉಳಿದ ಯಂತ್ರ ಉಳಿದಂತಲ್ಲ. 1930ರ ದಶಕದ ಯಾವ ಕೈಗಡಿಯಾರವಾದರೂ ಇವತ್ತು ಸರಿಯಾಗಿ ಹೊತ್ತು ಹೇಳುತ್ತಿದ್ದರೆ ಅದನ್ನು ಅನೇಕರು ಅನೇಕ ಸಲ ಮುಟ್ಟಿದ್ದಾರೆ ಎಂದೇ ಅರ್ಥ.

ಅವರ ಗುರುತು ಬೇಕೆಂದರೆ ಹಳೆಯ ಗಡಿಯಾರದ ಹಿಂಬದಿಯ ಮುಚ್ಚಳದ ಒಳಮೈ ನೋಡಬೇಕು. ರಿಪೇರಿ ಮಾಡಿದವನು ಸೂಜಿಯಂಥ ಮೊನೆಯಿಂದ ತನ್ನ ಗುರುತು, ಒಂದು ಸಂಖ್ಯೆ, ಕೆಲವೊಮ್ಮೆ ತಿಂಗಳು ಮತ್ತು ಇಸವಿಯನ್ನು ಅಲ್ಲಿ ಗೀಚಿರುತ್ತಾನೆ. ಮುಂದಿನ ಸಲ ಇದೇ ಗಡಿಯಾರ ಬಂದರೆ ತಾನು ಏನು, ಯಾವಾಗ ಮಾಡಿದ್ದೆ ಎಂದು ತಿಳಿಯಲು. ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ, ನೀಟಾದ ಗೀರುಗಳು. ಒಂದರ ಕೆಳಗೆ ಒಂದರಂತೆ ಮೂರು ನಾಲ್ಕು ಕೈಗಳ ಬರಹ ಇರುವುದೂ ಉಂಟು. ಒಂದು ವಸ್ತು ನಿಜವಾಗಿ ಹೇಗೆ ಬದುಕಿತು ಎಂಬುದರ ದಾಖಲೆ ಇದು. ಸೇವಕ ಕೆರೆದ ಡಯಲ್‌ಗೆ ಕ್ಯಾಟಲಾಗಿನಲ್ಲಿ ಪುಟಗಟ್ಟಲೆ ವಿವರಣೆ ಸಿಗುತ್ತದೆ. ಗಡಿಯಾರವನ್ನು ಜೀವಂತ ಇಟ್ಟವರ ಈ ಗೀರುಗಳಿಗೆ ಹರಾಜು ಜಗತ್ತಿನಲ್ಲಿ ಹೆಸರೂ ಇಲ್ಲ, ಬೆಲೆಯೂ ಇಲ್ಲ. ಈ ಅನ್ಯಾಯವೇ ನನ್ನನ್ನು ಈ ಲೇಖನ ಬರೆಯಲು ಹಚ್ಚಿದ್ದು.

ಮುಟ್ಟದ್ದಕ್ಕೆ ಕೋಟಿ ಕೊಡುವ ಕಡೆ, ಮುಟ್ಟಿಯೂ ಮುಟ್ಟದಂತೆ ತೋರಿಸುವವರು ಹುಟ್ಟಿಕೊಳ್ಳುತ್ತಾರೆ. 2021ರ ನವೆಂಬರಿನಲ್ಲಿ ಜಿನೀವಾದಲ್ಲಿ 1957ರ ಒಂದು ಒಮೇಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೆ ಮಾರಾಟವಾಯಿತು. ಬಿಸಿಲಿಗೆ ಕಂದಿ ಕಂದು ಬಣ್ಣಕ್ಕೆ ತಿರುಗಿದ ಡಯಲ್ಲೇ ಅದರ ಆಕರ್ಷಣೆ. ಕೊಂಡದ್ದು ಒಮೇಗಾದ ಸ್ವಂತ ಮ್ಯೂಸಿಯಂ. 2023ರಲ್ಲಿ ಒಮೇಗಾ ಸಂಸ್ಥೆಯೇ ಬಾಯಿಬಿಟ್ಟಿತು: ಅದು ಬೇರೆಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿ ಮಾಡಿದ್ದು, ತನ್ನದೇ ಮಾಜಿ ನೌಕರರ ಕೈ ಇದರಲ್ಲಿದೆ ಎಂದು. ತಯಾರಿಸಿದ ಕಂಪನಿಯ ಮ್ಯೂಸಿಯಮ್ಮಿಗೇ ಅಪ್ಪಟ ಯಾವುದು ಎಂದು ಹೇಳಲಾಗದ ಕಡೆ, ಸಾಲ ಮಾಡಿ ಕೊಳ್ಳುವ ಹೊಸ ಸಂಗ್ರಾಹಕ ಏನು ತಾಳೆ ನೋಡಬಲ್ಲ? ಪ್ರಾಮಾಣಿಕವಾಗಿ ರಿಪೇರಿಯಾಗಿ, ಏನು ಬದಲಾಗಿದೆ ಎಂದು ಬರೆದಿಟ್ಟ ಗಡಿಯಾರವನ್ನು ಮೂಲೆಗೆ ತಳ್ಳಿದ್ದಕ್ಕೆ ಸಿಕ್ಕ ಫಲ ಇದು.

ನಾಲ್ಕನೆಯದು ಹೂಡಿಕೆಯ ಮಾತು. ಪೂಯಿಯ ಗಡಿಯಾರದ ಲೆಕ್ಕವನ್ನೇ ಬಿಡಿಸೋಣ. ಸುತ್ತಿಗೆ ಬಿದ್ದದ್ದು 4 ಕೋಟಿ ಹಾಂಗ್‌ಕಾಂಗ್ ಡಾಲರಿಗೆ. ಕೊಂಡವನು ಕೊಟ್ಟದ್ದು ಸುಮಾರು 4.88 ಕೋಟಿ, ನಡುವಿನ 88 ಲಕ್ಷ ಹರಾಜು ಸಂಸ್ಥೆಯ ಶುಲ್ಕ. ಅವನು ಅದನ್ನು ಮತ್ತೆ ಹರಾಜಿಗಿಟ್ಟರೆ, ಹಾಕಿದ ಹಣ ಕೈಗೆ ಬರಲೆಂದೇ ಸುತ್ತಿಗೆಯ ಬೆಲೆ ಶೇ. 22ರಷ್ಟು ಏರಬೇಕು. ಮಾರುವವನ ಕಮಿಷನ್, ವಿಮೆ, ಲಾಕರು, ತೆರಿಗೆ ಇದರ ಮೇಲೆ. ದಾಖಲೆ ಬೆಲೆಗಳು ಮಾತ್ರ ಸುದ್ದಿಯಾಗುತ್ತವೆ. ಕೇಳುವವರಿಲ್ಲದೆ ವಾಪಸು ಹೋದ ಗಡಿಯಾರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. 2022ರ ಆರಂಭದಲ್ಲಿ ಹೆಸರಾಂತ ಗಡಿಯಾರಗಳ ಸೆಕೆಂಡ್‌ಹ್ಯಾಂಡ್ ಬೆಲೆ ತುತ್ತತುದಿ ಮುಟ್ಟಿ, ವರ್ಷ ಮುಗಿಯುವ ಮೊದಲೇ ಕೆಳಗಿಳಿದಾಗ ಆಟದ ನಡುವೆ ಸಿಕ್ಕಿಬಿದ್ದವರು ಮಧ್ಯಮ ವರ್ಗದ ಹೊಸಬರು. ಬಾಡಿಗೆ ತರದ, ಬಡ್ಡಿ ಹುಟ್ಟಿಸದ ವಸ್ತು ಅದು. ನಾಳೆ ಇನ್ನೊಬ್ಬ ಹೆಚ್ಚು ಕೊಟ್ಟಾನು ಎಂಬ ನಂಬಿಕೆಯೊಂದೇ ಅದರ ಆದಾಯ. ಇದನ್ನು ಹೂಡಿಕೆ ಎಂದು ಕರೆದು ಸಂಬಳದ ಜನರನ್ನು ಹುರಿದುಂಬಿಸುವುದು ಹೊಣೆಗೇಡಿತನ.

ಸಂಗ್ರಾಹಕರ ಪರವಾಗಿ ಹೇಳಬೇಕಾದ ಒಂದು ಮಾತು ಇದೆ, ಅದು ಗಟ್ಟಿಯಾದ ಮಾತು. 1970ರ ದಶಕದಲ್ಲಿ ಕ್ವಾರ್ಟ್ಜ್ ಗಡಿಯಾರ ಬಂದು ಸ್ವಿಸ್ ಉದ್ಯಮದ ನಡು ಮುರಿಯಿತು. 1970ರ ಹೊತ್ತಿಗೆ ಸುಮಾರು 90,000 ಇದ್ದ ಅಲ್ಲಿನ ಕೆಲಸಗಾರರ ಸಂಖ್ಯೆ 1980ರ ದಶಕದಲ್ಲಿ ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯಿತು. ಚಿನ್ನದ ಬೆಲೆ ಏರಿದಾಗ ಹಳೆಯ ಚಿನ್ನದ ಕೇಸುಗಳು ಕುಲುಮೆ ಸೇರಿದವು. ಯಾರಿಗೂ ಬೇಡವಾದ ಆ ದಿನಗಳಲ್ಲಿ ಕೀ ಕೊಡುವ ಗಡಿಯಾರಗಳನ್ನು ಹುಡುಕಿ, ಕೊಂಡು, ಅವುಗಳ ಮೇಲೆ ಪುಸ್ತಕ ಬರೆದು, ಅವುಗಳಿಗೆ ಗೌರವ ತಂದವರು ಸಂಗ್ರಾಹಕರೇ. ಅವರಿಲ್ಲದಿದ್ದರೆ ಎಷ್ಟೋ 96ಗಳು ಇಂದು ಬಳೆಯೋ ಬಿಲ್ಲೆಯೋ ಆಗಿರುತ್ತಿದ್ದವು. ಆ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪೀಳಿಗೆಯವರು ಗಡಿಯಾರವನ್ನು ಉಳಿಸಿದ್ದು ಬಿಚ್ಚಿ, ಕಲಿತು, ಕೈಗೆ ಕಟ್ಟಿಕೊಂಡು. ಅವರ ಹೆಸರು ಹೇಳಿಕೊಂಡು ಇಂದು ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಲಾಕರಿನಲ್ಲಿಡುವವರು ಆ ಕೆಲಸವನ್ನು ಮುಂದುವರಿಸುತ್ತಿಲ್ಲ.

ಪರಂಪರೆ ಎಲ್ಲಿದೆ ಎಂಬುದಕ್ಕೆ ಯುನೆಸ್ಕೋ 2020ರಲ್ಲೇ ಉತ್ತರ ಕೊಟ್ಟಿದೆ. ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸಿನ ಜೂರಾ ಪರ್ವತಸಾಲಿನ ಯಾಂತ್ರಿಕ ಗಡಿಯಾರ ಕಸುಬನ್ನು ಅದು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ಯಾವುದೇ ಗಡಿಯಾರವಲ್ಲ. ಮಾಡುವ, ರಿಪೇರಿ ಮಾಡುವ ಕೈಗಳ ಅರಿವು. ಆ ಕೈಗಳ ಸ್ಥಿತಿ ಏನು? ಬಿಡಿಭಾಗಗಳನ್ನು ತಮ್ಮ ಅಧಿಕೃತ ಕೇಂದ್ರಗಳಿಗಷ್ಟೇ ಕೊಡುತ್ತೇವೆ ಎಂದು ದೊಡ್ಡ ಕಂಪನಿಗಳು ಪಟ್ಟುಹಿಡಿದವು. ಐರೋಪ್ಯ ಸ್ವತಂತ್ರ ರಿಪೇರಿಗಾರರ ಒಕ್ಕೂಟ 2004ರಲ್ಲಿ ದೂರು ಕೊಟ್ಟು ಹೋರಾಡಿತು. 2017ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯದಲ್ಲಿ ಅವರಿಗೆ ಸೋಲಾಯಿತು. ಒಂದು ಗಡಿಯಾರಕ್ಕೆ 51 ಕೋಟಿ ಸುರಿಯುವ ಲೋಕದಲ್ಲಿ ಅದನ್ನು ಓಡಿಸಬಲ್ಲವನಿಗೆ ಒಂದು ಬಿಡಿಭಾಗ ಸಿಗುವುದು ಕಷ್ಟವಾಗಿದೆ.

ಇದು ದೂರದ ಜಿನೀವಾದ ಗೋಳು ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾಯಿತು. ಅಲ್ಲಿಂದ ಬಂದ ‘ಜನತಾ’ ಕೂಡ ಗಂಟೆಗೆ 18,000 ಬಾರಿಯೇ ಮಿಡಿಯುತ್ತದೆ. ಕೀ ಕೊಡುವ ಆ ಗಡಿಯಾರ ಪರೀಕ್ಷೆ ಪಾಸಾದ ಹುಡುಗನ, ಮದುವೆಯಾದ ಅಳಿಯನ, ನಿವೃತ್ತನಾದ ಗುಮಾಸ್ತನ ಕೈಯಲ್ಲಿ ಕೂತಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಬಾಗಿಲು ಮುಚ್ಚುವ ಸುದ್ದಿ ಹಬ್ಬುತ್ತಿದ್ದಂತೆ ಬೆಲೆ ಏರಿತು, ‘ಅಪರೂಪ’ ಎಂಬ ಹಣೆಪಟ್ಟಿ ಬಂತು. ಹಿಂದೆಯೇ ಗುಜರಿ ಭಾಗಗಳನ್ನು ಕೂಡಿಸಿ, ಡಯಲ್‌ಗೆ ಹೊಸ ಬಣ್ಣ ಬಳಿದು ಎಚ್‌ಎಂಟಿ ಎಂದು ಮಾರುವ ದಂಧೆಯೂ ಬಂತು. ಜಿನೀವಾದ ರೋಗ ನಮ್ಮ ಜನತಾ ಗಡಿಯಾರಕ್ಕೂ ತಗುಲಿತು. ಸಾಮಾನ್ಯನಿಗೆಂದು ಮಾಡಿದ ಗಡಿಯಾರವನ್ನು ವಿರಳ ಸರಕಾಗಿಸಿ ಪೆಟ್ಟಿಗೆಯಲ್ಲಿಡುವುದು, ಅದನ್ನು ಮಾಡಿದ ಸಾವಿರಾರು ಕಾರ್ಮಿಕರ ಉದ್ದೇಶಕ್ಕೇ ಎಸಗುವ ದ್ರೋಹ.

ಹಾಗಾದರೆ ಮಾಡಬೇಕಾದದ್ದೇನು? ಹರಾಜಿನವರು ಪ್ರತಿ ಗಡಿಯಾರದ ರಿಪೇರಿ ಚರಿತ್ರೆಯನ್ನು ಒಡೆತನದ ಚರಿತ್ರೆಯಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಲಿ. ಹಿಂಬದಿ ಮುಚ್ಚಳದ ಒಳಮೈಯ ಚಿತ್ರವನ್ನೂ ಕೊಡಲಿ. ಕಂಪನಿಗಳು ಬಿಡಿಭಾಗ ಬಿಟ್ಟುಕೊಡಲಿ. ಸಂಗ್ರಾಹಕರು ರಿಪೇರಿಯನ್ನು ಕಳಂಕ ಎನ್ನುವುದನ್ನು ನಿಲ್ಲಿಸಲಿ. ಏನು ಬದಲಾಯಿತು, ಯಾರು ಮಾಡಿದರು, ಯಾವಾಗ ಮಾಡಿದರು ಎಂಬ ಚೀಟಿಯನ್ನು ಪೆಟ್ಟಿಗೆ, ಕಾಗದಪತ್ರಗಳಷ್ಟೇ ಜೋಪಾನ ಮಾಡಲಿ. ಪತ್ರಿಕೆಗಳು ದಾಖಲೆ ಬೆಲೆಯ ಸುದ್ದಿಯ ಪಕ್ಕದಲ್ಲಿ ಶುಲ್ಕದ ಲೆಕ್ಕವನ್ನೂ ಬರೆಯಲಿ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯ ಬೀರುವಿನಲ್ಲಿ ಅಪ್ಪನದೋ ತಾತನದೋ ಕೀ ಕೊಡುವ ಗಡಿಯಾರ ಇದ್ದರೆ, ಅದರ ಬೆಲೆ ಎಷ್ಟಾದೀತು ಎಂದು ಹುಡುಕುವ ಮೊದಲು ಊರಿನ ನಂಬಿಕಸ್ತ ರಿಪೇರಿಯವರ ಹತ್ತಿರ ಕೊಂಡೊಯ್ಯಿರಿ. ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಗಡಿಯಾರವನ್ನು ಕೈಗೆ ಕಟ್ಟಿಕೊಳ್ಳಿ, ದಿನವೂ ಕೀ ಕೊಡಿ, ಮಕ್ಕಳಿಗೂ ಕೀ ಕೊಡುವುದನ್ನು ಕಲಿಸಿ. ಹೊತ್ತು ಹೇಳುವ ವಸ್ತುವಿಗೆ ಇದಕ್ಕಿಂತ ದೊಡ್ಡ ಗೌರವ ಯಾವ ಹರಾಜಿನಲ್ಲೂ ಸಿಗುವುದಿಲ್ಲ.